ಹೆಡ್‌ಮಿಸ್ ಕೊಂಡ ಸೆಂಟು

ಪದ್ಮನಾಭನಗರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದ ವಾರಿಜಾ 2005ರ ಜೂನಿನಲ್ಲಿ ಅಲ್ಲೇ ಹೆಡ್‌ಮಿಸ್ ಆದರು. ಮೊದಲ ದಿನ ಒಂದು ದುಬಾರಿ ಸೆಂಟು ಹಾಕಿಕೊಂಡು ಹೋಗಬೇಕೆಂದು ಅವರಿಗೆ ಆಸೆ. ಜಯನಗರದ ಅಂಗಡಿಗೆ ಗಂಡ ಚಕ್ರಪಾಣಿಯೂ ಜೊತೆಗೆ ಹೊರಟರು. ತಲೆನೋವು ಶುರುವಾದದ್ದೇ ಅಲ್ಲಿ.

ಸೇಲ್ಸ್ ಹುಡುಗಿ ಕಾಗದದ ಪಟ್ಟಿಗೆ ಸೆಂಟು ಹೊಡೆದು, ಪ್ರತಿ ಸಲವೂ ಚಕ್ರಪಾಣಿಯವರ ಮೂಗಿಗೇ ಹಿಡಿಯುತ್ತಿದ್ದಳು. "ಸಾರ್, ಇದು ಹೇಗಿದೆ?"

"ಊದಿನಕಡ್ಡಿ ಥರ ಇದೆ," ಎಂದರು ಒಂದಕ್ಕೆ. ಇನ್ನೊಂದಕ್ಕೆ, "ಫಿನಾಯಿಲ್!" ಏಳನೆಯದಕ್ಕೆ ಸೀನಿದರು.

ವಾರಿಜಾಗೆ ರೇಗಿಹೋಯಿತು. "ಹಾಕ್ಕೊಳ್ಳೋಳು ನಾನಮ್ಮ, ನನ್ನ ಕೇಳು! ರೀ, ನೀವು ಹೋಗಿ ಕಾಫಿ ಕುಡೀರಿ."

ಅವರು ಹೋದ ಮೇಲೆ ಒಂದನ್ನು ತಮ್ಮ ಮಣಿಕಟ್ಟಿಗೇ ಹಾಕಿಸಿಕೊಂಡರು. ಮೊದಲು ಮಲ್ಲಿಗೆ ಘಮ್ಮೆಂದಿತು. ಹೊರಗೆ ಒಂದೆರಡು ಸುತ್ತು ಹಾಕಿ ಬರುವಷ್ಟರಲ್ಲಿ ಹೂವು ಹಿಂದೆ ಸರಿದು, ಆಗ ತಾನೇ ಕೊಯ್ದ ಮರದ ಬೆಚ್ಚನೆಯ ಪರಿಮಳ ಮೈಗೆ ಹತ್ತಿತ್ತು. ಯಾರನ್ನೂ ಕೇಳದೆ ಅದನ್ನೇ ಕೊಂಡರು.

ಸೋಮವಾರ ಬೆಳಿಗ್ಗೆ ಅದನ್ನು ಹಾಕಿಕೊಂಡು ಹೊರಬಂದರೆ, ಚಕ್ರಪಾಣಿ ಪೇಪರ್ ಕೆಳಗಿಳಿಸಿದರು. "ಸ್ಕೂಲಿಗೆ ಇಷ್ಟೊಂದು ಬೇಕಾ? ಮಕ್ಕಳು ಏನಂದ್ಕೋತಾರೆ?"

"ಹೆಡ್‌ಮಿಸ್ ಬಂದ್ರು ಅಂದ್ಕೋತಾರೆ," ಎಂದು ವಾರಿಜಾ ಗೇಟನ್ನು ಧಡಾರನೆ ಎಳೆದುಕೊಂಡರು.

ಆಟೋ ಹತ್ತಿದ ಮೇಲೂ ಅವರ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಬನಶಂಕರಿ ದಾಟುವವರೆಗೆ ಮಣಿಕಟ್ಟನ್ನು ಮೂಗಿನ ಹತ್ತಿರದಿಂದ ತೆಗೆಯಲೇ ಇಲ್ಲ.