ನಲವತ್ತೆಂಟು ಬಿಲ್ಲೆಗಳು

"ಒಂದೂ ಕಳದಿಲ್ಲರಿ ಬಾಯಾರ, ಎಣಿಸ್ಕೊಳ್ರಿ," ಎಂದು ಮಡಿವಾಳೆಪ್ಪ ದಾರಕ್ಕೆ ಪೋಣಿಸಿದ ಅಲ್ಯೂಮಿನಿಯಂ ಬಿಲ್ಲೆಗಳನ್ನು ನೀಲಾಳ ಕೈಗೆ ಕೊಟ್ಟ. ಒಂದರಿಂದ ನಲವತ್ತೆಂಟು. ಸಾಲು ತಪ್ಪಿರಲಿಲ್ಲ.

ಅವು ಮರಗಳ ಮೇಲಿರಬೇಕಿತ್ತು. ಕಿತ್ತೂರಿನಾಚೆಯ ಈ ದೇವರ ಬನದ ಒಂದೊಂದು ಹೊನ್ನೆ ಮರಕ್ಕೂ ಮಾರ್ಚಿನಲ್ಲಿ ಅವಳೇ ಬಿಲ್ಲೆ ಹೊಡೆದು, ಅದೇ ನಂಬರಿನ ಚೀಲದಲ್ಲಿ ಆಯಾ ಮರದ ಬೀಜ ತುಂಬಿಕೊಂಡು ಧಾರವಾಡಕ್ಕೆ ಒಯ್ದಿದ್ದಳು. ಬೀಜಗಳಿಗೆ ಪರಾಗ ಎಷ್ಟು ದೂರದಿಂದ ಬಂತು, ಕಬ್ಬಿನ ನಡುವೆ ಒಂಟಿಯಾದ ಈ ಬನ ತನ್ನೊಳಗೇ ಕೂಡಿ ಕೂಡಿ ಸೊರಗುತ್ತಿದೆಯೇ ಎಂಬುದು ಅವಳ ಪಿಎಚ್‌ಡಿಯ ಪ್ರಶ್ನೆ. ಯಾವ ನಂಬರಿನ ಮರ ಎಲ್ಲಿ ನಿಂತಿದೆ ಎಂಬ ನಕ್ಷೆ ಇವತ್ತು ಆಗಬೇಕಿತ್ತು. ಮತ್ತೆ ಬೀಜ ಬಲಿಯುವುದು ಬರುವ ಬೇಸಿಗೆಗೆ. ಫೆಲೋಶಿಪ್ ಮುಗಿಯುವುದು ಡಿಸೆಂಬರಿಗೆ.

"ಯಾಕ ಕಿತ್ತೀರಿ ಕಾಕಾ? ಯಾರೂ ಮುಟ್ಟದಂಗ ನೋಡ್ಕೋರಿ ಅಂತ ಹೇಳಿದ್ನಲ್ಲ."

"ಯಾರೂ ಮುಟ್ಟಿಲ್ಲರಿ. ನಾನ ಕಿತ್ತೇನಿ. ಮೊಳಿ ಹೊಡದಲ್ಲೆ ಕೆಂಪಗ ಸೋರಾಕ ಹತ್ತಿತ್ತು. ದೇವರ ಗಿಡ, ಪೂಜಾರಿ ನಾನು. ನೋಡ್ಕೋತ ಹೆಂಗ ಕುಂದರ್ಲಿ? ಎಲ್ಲಾಕೂ ಅರಿಶಿಣ ಮೆತ್ತೇನಿ."

"ಅದು ಹೊನ್ನಿ ಅಂಟರಿ. ಗಾಯ ಆದ್ರ ಬರತೈತಿ."

"ನಾನೂ ಅದನ್ನ ಹೇಳಾಕ ಹತ್ತೇನಿ."

ಅವನ ಹೆಂಡತಿ ರಾಚವ್ವ ಚಹಾ ತಂದು ಕಟ್ಟೆಯ ಮೇಲಿಟ್ಟಳು. "ಫೋನರ ಮಾಡಬೇಕಿತ್ತಿಲ್ಲೋ ಮುದುಕಾ. ಮಗಳ ಕೂಡ ದಿನಾ ತಾಸಗಟ್ಲೆ ಮಾತಾಡತಿ."

"ಬಾಯಾರಿಗೆ ಕೆಲಸ ಇರತೈತಿ ಅಂತ ಬಿಟ್ಟೆ."

ನೀಲಾ ಚಹಾ ಮುಟ್ಟಲಿಲ್ಲ. ಮೊಳೆ ಬದಲು ಕಾಂಡಕ್ಕೆ ದಾರದಲ್ಲಿ ಬಿಲ್ಲೆ ಕಟ್ಟಿದ್ದರೆ ಆಗುತ್ತಿತ್ತು. ಅಂದು ಅವನನ್ನು ಒಂದು ಮಾತು ಕೇಳಿದ್ದರೂ ಆಗುತ್ತಿತ್ತು. ಬನದೊಳಗೆ ಎಲ್ಲ ಕಾಂಡಗಳ ಮೇಲೂ ಎದೆಯೆತ್ತರಕ್ಕೆ ಅದೇ ಹಳದಿ ಬೊಟ್ಟು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ.

"ಕೀಳೂಮುಂದ ನಂಬರ್ ನೋಡೇನಿ. ನೆನಪೈತಿ, ಬರ್ರಿ," ಎಂದು ಮಡಿವಾಳೆಪ್ಪ ಎದ್ದ.

ಸಿಡಿಲು ಬಡಿದ ಮರದ ಮುಂದೆ ನಿಂತು, "ಇದು ಒಂದು," ಎಂದ. ಅದು ಅವಳಿಗೂ ನೆನಪಿತ್ತು. ಗುಡಿಯ ಗೋಡೆಗೆ ಆತುಕೊಂಡದ್ದು ಎರಡು. ಅವಳು ಕಾಗದದ ಮೇಲೆ ಗುರುತು ಹಾಕಿದಳು.

ಅಲ್ಲಿಂದಾಚೆ ಮರಗಳು ಒತ್ತೊತ್ತಾಗಿದ್ದವು. ಅವನು ಒಂದು ಕಾಂಡದ ಮೇಲೆ ಅಂಗೈ ಇಟ್ಟ. ತೆಗೆದು ಪಕ್ಕದ ಮರದ ಮೇಲೆ ಇಟ್ಟ. ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮೊದಲಿನದಕ್ಕೇ ಬಂದ.

ನೀಲಾ ಪೆನ್ಸಿಲ್ ಹಿಡಿದುಕೊಂಡು ನಿಂತೇ ಇದ್ದಳು.