ಕಿವಿ ನಕ್ಷೆ

ಮಕ್ಕಳು ಆ ಮಿಸ್ಸಿಗೆ ಕಪ್ಪೆ ಮಿಸ್ ಎಂದು ಹೆಸರಿಟ್ಟು ಎಷ್ಟೋ ವರ್ಷವಾಗಿತ್ತು. ಹೆಸರಿಟ್ಟ ಮಕ್ಕಳು ಬೆಳೆದು, ಮದುವೆಯಾಗಿ, ತಮ್ಮ ಮಕ್ಕಳನ್ನು ಅದೇ ಶಾಲೆಗೆ ಸೇರಿಸಿದ್ದರು. ಆ ಮಕ್ಕಳೂ ಪಾಠಕ್ಕಿಂತ ಮುಂಚೆ ಕಲಿತದ್ದು ಈ ಹೆಸರನ್ನೇ. ಮಿಸ್ಸಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ವರ್ಷಕ್ಕೊಮ್ಮೆ ಐದನೇ ಕ್ಲಾಸನ್ನು ಬಸ್ಸಿಗೆ ಹತ್ತಿಸಿ, ಊರಾಚೆಯ ರಕ್ಷಿತ ಕಾಡಿಗೆ ಕರೆದೊಯ್ದು, ಕೊಳದ ದಡದ ಕೆಸರಲ್ಲಿ ಮೊಣಕಾಲೂರಿ, ಕಪ್ಪೆಯ ಹಾಗೆ ಕೂಗಿ ನಿಜವಾದ ಕಪ್ಪೆಯಿಂದ ಉತ್ತರ ತರಿಸುವ ಹೆಂಗಸಿಗೆ ಇನ್ನೇನೆಂದು ಹೆಸರಿಡಬೇಕು?

ಈ ವರ್ಷ ಶಾಲೆಗೆ ಬಂದ ಹೆಡ್ ಸರ್ ಹೊಸಬರು. ಕೆಟ್ಟವರಲ್ಲ, ಪುಕ್ಕಲರು ಅಷ್ಟೆ. ಶಾಲೆಯ ಮೆಟ್ಟಿಲಿಗೂ ಹೆದರುತ್ತಿದ್ದರು, ಮಕ್ಕಳ ಅಪ್ಪ ಅಮ್ಮಂದಿರಿಗಂತೂ ಹಗಲಲ್ಲೇ ನಡುಗುತ್ತಿದ್ದರು. ಪ್ರವಾಸದಲ್ಲಿ ಮಕ್ಕಳಿಂದ ಏನೇನು ಮಾಡಿಸುತ್ತೀರೋ ಮೊದಲೇ ಹೇಳಿ ಎಂದು ಅವರು ಕಪ್ಪೆ ಮಿಸ್ಸನ್ನು ಕರೆಸಿದರು.

"ಜಾಲರಿ ಹಾಕಿ ಕೊಳದ ಹುಳ ಹಿಡಿದು, ನೋಡಿ, ವಾಪಸ್ ಬಿಡೋದು" ಅಂದರು ಮಿಸ್.

"ನೀರಾ? ಬೇಡ, ಬೇಡ."

"ಹಿಡಿ ಮಣ್ಣು ತಗೊಂಡು ವಾಸನೆ ನೋಡೋದು. ಬಿಸಿಲಲ್ಲಿರೋ ಮಣ್ಣೇ ಬೇರೆ, ಮರದ ಬುಡದ ಮಣ್ಣೇ ಬೇರೆ."

"ಯೂನಿಫಾರ್ಮ್ ಕೊಳೆಯಾದ್ರೆ ತಾಯಂದಿರು ನನ್ನ ತಲೆ ತಿಂತಾರೆ ಮೇಡಂ."

ಎಲೆಯ ಮೇಲೆ ಹಾಳೆಯಿಟ್ಟು ಬಣ್ಣದ ಕಡ್ಡಿ ಉಜ್ಜಿಸುತ್ತೇನೆ ಎಂದರೆ, ಯಾವ ಎಲೆಯಿಂದ ಯಾವ ಮಗುವಿಗೆ ತುರಿಕೆ ಬರುತ್ತದೋ ಎಂದರು. ಬರಿಗಾಲಲ್ಲಿ ನಡೆಸುತ್ತೇನೆ ಎಂದಾಗ ಹೆಡ್ ಸರ್ ಕಣ್ಣನ್ನೇ ಮುಚ್ಚಿಕೊಂಡರು.

"ಹಾಗಾದ್ರೆ ಮಕ್ಕಳು ಅಲ್ಲಿಗೆ ಹೋಗಿ ಏನು ಮಾಡ್ಬೇಕು ಸರ್?"

"ಅದನ್ನೇ ನಾನೂ ಕೇಳ್ತಿರೋದು!"

ಉಳಿದದ್ದು ಕಿವಿ ನಕ್ಷೆ ಒಂದೇ. ಮಿಸ್ ಅದನ್ನು ಬಿಡಿಸಿ ಹೇಳಿದರು. ಪ್ರತಿ ಮಗುವಿಗೂ ಒಂದು ಹಾಳೆ. ಹಾಳೆಯ ನಡುವೆ ಒಂದು ಚುಕ್ಕೆ, ಆ ಚುಕ್ಕೆಯೇ ಮಗು. ಕೊಳದ ಸುತ್ತ ಕಣ್ಣು ಮುಚ್ಚಿ ಕೂರಬೇಕು. ಒಂದು ಸದ್ದು ಕೇಳಿದರೆ, ಹಾಳೆಯತ್ತ ಮಾತ್ರ ಕಣ್ಣು ತೆರೆದು, ಅದು ಬಂದ ದಿಕ್ಕಿಗೆ ಒಂದು ಗುರುತು. ಹತ್ತಿರದ್ದಾದರೆ ಚುಕ್ಕೆಯ ಹತ್ತಿರ, ದೂರದ್ದಾದರೆ ದೂರ. ಏನನ್ನೂ ಮುಟ್ಟುವ ಹಾಗಿಲ್ಲ. ಹೆಡ್ ಸರ್ ಮುಖ ಅರಳಿತು. ಕೂತಲ್ಲೇ ಕೂರುವ ಮಕ್ಕಳೆಂದರೆ ಅವರಿಗೆ ಪಂಚಪ್ರಾಣ.

"ಆದರೆ ಹಾಳೆ ತುಂಬಿರ್ಬೇಕು ಮೇಡಂ. ಖಾಲಿ ಹಾಳೆ ಹಿಡ್ಕೊಂಡು ಮನೆಗೆ ಹೋದ್ರೆ ನಾನು ಏನು ಉತ್ತರ ಕೊಡ್ಲಿ? ಈ ಸಲ ನಾನೂ ಬರ್ತೀನಿ. ಸರಿ ಬರ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಈ ಕಾಡು ಗೀಡು ಬಿಟ್ಟುಬಿಡೋಣ."

ಪ್ರವಾಸಕ್ಕೆ ಮುಂಚೆ ಒಬ್ಬರೇ ಹೋಗಿ ಜಾಗ ನೋಡಿಕೊಂಡು ಬರುವುದು ಮಿಸ್ಸಿನ ಪದ್ಧತಿ. ಆ ಭಾನುವಾರ ಹೋದಾಗ ಗೇಟಿನ ಗಾರ್ಡಣ್ಣ ಎಂದಿನ ಹಾಗೆ ನಗಲಿಲ್ಲ. ಸುಮ್ಮನೆ ಬೀಗ ತೆಗೆದ. ಕೊಳದಾಚೆ ಬೇಲಿಗೆ ತಾಗಿಕೊಂಡೇ ದೊಡ್ಡ ರಸ್ತೆ ಬಂದಿತ್ತು, ರಸ್ತೆಗೆ ಎತ್ತರದ ದೀಪಗಳು ಬಂದಿದ್ದವು. ಕೊಳದಲ್ಲಿ ನೀರೇನೋ ಇತ್ತು. ಮಿಸ್ ದಡದಲ್ಲಿ ಕೂತು ಕಣ್ಣು ಮುಚ್ಚಿದರು. ಹಿಂದಕ್ಕೆ ಬರುವ ಲಾರಿಯ ಕೀ ಕೀ. ಎಲ್ಲೋ ಕಲ್ಲು ಕೊಯ್ಯುವ ಯಂತ್ರ. ಆಮೇಲೆ ತಮ್ಮದೇ ಉಸಿರು. ಅವರು ಮೊಣಕಾಲೂರಿ ಕಪ್ಪೆಯ ಹಾಗೆ ಕೂಗಿ ನೋಡಿದರು. ಮತ್ತೆ ಕೂಗಿದರು. ಗಂಟಲು ಕಟ್ಟುವವರೆಗೂ ಕೂಗಿದರು. ಯಾರೂ ಓಗೊಡಲಿಲ್ಲ.

"ರಾತ್ರಿಯೆಲ್ಲ ಹಗಲಿನ ಹಾಗೆ ಬೆಳಕು ಟೀಚರಮ್ಮ. ಹಕ್ಕಿ ಎಲ್ಲಿ ಮಲಗ್ಬೇಕು ಹೇಳಿ? ಎದ್ದು ಹೋದ್ವು" ಅಂದ ಗಾರ್ಡಣ್ಣ. "ಕಪ್ಪೆ ಹೇಗೆ ಹೋದ್ವೋ ನನಗೂ ತಿಳೀಲಿಲ್ಲ. ಈಗ ಇಲ್ಲಿಗೆ ಬರೋದು ನಿಮ್ಮ ಸ್ಕೂಲ್ ಒಂದೇ. ನೀವೂ ನಿಲ್ಲಿಸಿದ್ರೆ ಮೇಲಿನವರು ಗೇಟ್ ಮುಚ್ಚಿ, ಕೊಳ ಮುಚ್ಚಿ, ಗಾಡಿ ನಿಲ್ಲಿಸೋಕೆ ಜಾಗ ಮಾಡ್ತಾರಂತೆ."

ಮಿಸ್ ಮನೆಗೆ ಬಂದವರೇ ಹಳೆಯ ಪೆಟ್ಟಿಗೆ ಕೆದಕಿದರು. ಬಹಳ ಹಿಂದೆ ಒಂದು ವರ್ಷ, ಇದೇ ಕೊಳದ ದಡದಲ್ಲಿ ಮಕ್ಕಳು ಕಿವಿ ನಕ್ಷೆ ಬರೆಯುವಾಗ, ಸುತ್ತಲಿನ ಸದ್ದನ್ನೆಲ್ಲ ಮಿಸ್ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಮಗಳು ಅದನ್ನು ಫೋನಿಗೆ ಹಾಕಿ, ತನ್ನ ಪುಟ್ಟ ಸ್ಪೀಕರಿಗೆ ಜೋಡಿಸಿಕೊಟ್ಟಳು. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಶುರು ಮಾಡಿದ್ದೇ ತಡ, ಕೊಳಕ್ಕೆ ಕೊಳವೇ ಬಾಯಿಬಿಟ್ಟಿತು. ಕಪ್ಪೆಗಳ ಮೇಳ, ಮೇಲೆ ಮಿಂಚುಳ್ಳಿಯ ಚೀರು, ಜೊಂಡಿನೊಳಗಿಂದ ನೀರುಕೋಳಿಯ ಗೊಣಗಾಟ. ಮಿಸ್ಸಿಗೆ ಒಂದೊಂದು ದನಿಯೂ ಹೆಸರು ಹಿಡಿದು ಕರೆಯುವಷ್ಟು ಗುರುತು. ಸ್ವಲ್ಪ ಕೇಳಿದ್ದೇ ಕಣ್ಣಲ್ಲಿ ನೀರು ಬಂತು. ಸತ್ತವರು ಪಕ್ಕದ ಕೋಣೆಯಲ್ಲಿ ಕೂತು ಹರಟೆ ಹೊಡೆದ ಹಾಗೆ. ಕೈಚಾಚಿ ನಿಲ್ಲಿಸಿಬಿಟ್ಟರು.

"ಅಮ್ಮಾ, ಇದು ಮೋಸ ಅಲ್ವಾ?" ಅಂದಳು ಮಗಳು.

"ಆ ಜಾಗದ್ದೇ ದನಿ ಕಣೇ. ಬೇರೆ ಎಲ್ಲಿಂದಲೂ ಕದ್ದು ತಂದಿಲ್ಲ. ಕೊಳ ಉಳಿದ್ರೆ ನಾಳೆ ಅವೂ ವಾಪಸ್ ಬರಬಹುದು."

"ಪೂರ್ತಿನಾದ್ರೂ ಕೇಳಿ ನೋಡು. ಮುಂದೆ ಏನಾದ್ರೂ ಎಡವಟ್ಟಿದ್ರೆ?"

"ನಾನೇ ಮಾಡಿದ್ದು. ನನಗೆ ಗೊತ್ತಿಲ್ವಾ?"

ನಿಜ ಹೇಳಬೇಕೆಂದರೆ ಅವರಿಗೆ ನೆನಪಿರಲಿಲ್ಲ. ಮುಂದಕ್ಕೆ ಕೇಳುವ ಎದೆಗಾರಿಕೆ ಇರಲಿಲ್ಲ, ಅಷ್ಟೆ. ಬಾಳಿಡೀ ಮಕ್ಕಳಿಗೆ ಕಿವಿಗೊಟ್ಟು ಕೇಳಿ ಎಂದು ಪಾಠ ಹೇಳಿದ ಹೆಂಗಸು, ಕೇಳಲೇಬೇಕಾದಾಗ ಕಿವಿ ಮುಚ್ಚಿಕೊಂಡರು.

ಪ್ರವಾಸದ ದಿನ ಬಸ್ಸು ಬರುವ ಮುಂಚೆಯೇ ಗಾರ್ಡಣ್ಣ, ಮಿಸ್ ಹಿಂದಿನ ದಿನ ಬಂದು ಕೊಟ್ಟಿದ್ದ ಸ್ಪೀಕರನ್ನು ಹಳೆಯ ಮರದ ಪೊಟರೆಯಲ್ಲಿಟ್ಟು, ಒಣಗಿದೆಲೆ ಮುಚ್ಚಿದ್ದ. ಬಸ್ಸಿಳಿಯುತ್ತಲೇ ಮಿಸ್ ಕೊಟ್ಟ ಫೋನನ್ನು ಅಂಗಿ ಜೇಬಲ್ಲಿಟ್ಟುಕೊಂಡು ಮರದ ಹಿಂದೆ ನಿಂತ. ಮಕ್ಕಳು ಕೊಳದ ಸುತ್ತ ಕೂತರು. ಹೆಡ್ ಸರ್ ಮಾತ್ರ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು, ನೆಲದಲ್ಲಿ ಇರುವೆ ಇರಬಹುದಲ್ಲ.

"ಕಣ್ಣು ಮುಚ್ಚಿ" ಅಂದರು ಮಿಸ್.

ಪೊಟರೆಯೊಳಗಿಂದ ಮೊದಲು ಒಂದು ಕಪ್ಪೆ, ಆಮೇಲೆ ಮೇಳವೆಲ್ಲ. ಮಕ್ಕಳ ಪೆನ್ಸಿಲುಗಳು ಗಡಿಬಿಡಿಯಿಂದ ಓಡಿದವು. ಒಬ್ಬಳ ಬಾಯಿ ತಾನಾಗಿ ತೆರೆದುಕೊಂಡಿತು. ಆ ಹುಡುಗಿಗೆ ಸದಾ ಏನಾದರೊಂದು ಕೇಳುವ ಚಟ, ಅದಕ್ಕೇ ಕ್ಲಾಸಿನಲ್ಲಿ ಅವಳಿಗೆ 'ಯಾಕೆಮ್ಮ' ಎಂದೇ ಹೆಸರು. ಆ ಮುಖಗಳನ್ನು ನೋಡಿ ಮಿಸ್ಸಿಗೆ ಹೊಟ್ಟೆ ತುಂಬಿದಂತಾಯಿತು. ಮೋಸ ಎಂಬ ಮಾತು ಎಲ್ಲಿಗೋ ಹೋಯಿತು. ಇದೇ ಕೊಳ, ಇದೇ ದನಿ, ಇದೇ ವಯಸ್ಸಿನ ಮಕ್ಕಳು. ಏನೂ ಕೈಬಿಟ್ಟು ಹೋಗಿಲ್ಲ ಎಂದು ಅವರೇ ನಂಬತೊಡಗಿದರು.

ಆಗ ಮರ ಮಾತಾಡಿತು.

"ಶ್... ಹಿಂದೆ ಕೂತಿರೋರೇ, ಬಾಯಿ ಮುಚ್ಚಿ, ಕಿವಿ ತೆಗೀರಿ."

ಮಿಸ್ಸಿನದೇ ದನಿ. ಹರೆಯದ ದನಿ, ನಗು ತಡೆದುಕೊಂಡ ದನಿ. ಅದರ ಹಿಂದೆಯೇ ಮಕ್ಕಳ ಕಿಸಿಕಿಸಿ ನಗು. ಆಮೇಲೆ ಯಾವುದೋ ಹುಡುಗನ ಗೋಳು, "ಮಿಸ್, ಹಾಳೇಲಿ ಜಾಗಾನೇ ಸಾಲ್ತಿಲ್ಲ. ಇನ್ನೊಂದು ಹಾಳೆ ಕೊಡಿ ಮಿಸ್."

ಮಕ್ಕಳೆಲ್ಲ ಕಣ್ಣು ಬಿಟ್ಟು ಮಿಸ್ಸಿನ ಕಡೆ ನೋಡಿದರು. ಮಿಸ್ಸಿನ ಬಾಯಿ ಮುಚ್ಚಿತ್ತು. ಗಾರ್ಡಣ್ಣ ಗಾಬರಿಯಲ್ಲಿ ಫೋನಿನ ಮೇಲೆ ಸಿಕ್ಕಲ್ಲೆಲ್ಲ ಒತ್ತಿ, ಆಗದೆ, ಪೊಟರೆಗೆ ಕೈಹಾಕಿ ಸ್ಪೀಕರನ್ನೇ ಎಳೆದು ಆರಿಸಿದ. ಲಾರಿಯ ಕೀ ಕೀ ಮಾತ್ರ ಉಳಿಯಿತು.

ಮಿಸ್ಸಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಕ್ಕಳು ಬೈಯಲಿ, ಅಳಲಿ, ಏನಾದರೂ ಆಗಲಿ ಎಂದು ಕಾದರು. ಮಕ್ಕಳು ಚಪ್ಪಾಳೆ ತಟ್ಟಿದರು.

"ಮಿಸ್ ಮರದೊಳಗಿದ್ರು!" ಎಂದು ಒಬ್ಬ ಕುಣಿದ. ಹೆಡ್ ಸರ್ ಕುರ್ಚಿಯಿಂದೆದ್ದು, ಇರುವೆಯ ಭಯವನ್ನೂ ಮರೆತು ನಡೆದುಕೊಂಡೇ ಬಂದರು.

"ಇಂಥ ಐಡಿಯಾ ಇದ್ರೆ ಮೊದಲೇ ಹೇಳಬಾರದಾ ಮೇಡಂ? ಎಷ್ಟು ಸ್ಪಷ್ಟವಾಗಿ ಕೇಳ್ಸುತ್ತೆ! ಇದಕ್ಕೆ ಇಲ್ಲೀವರೆಗೂ ಯಾಕೆ ಬರ್ಬೇಕು? ಬಿಸಿಲು, ಬಸ್ಸು, ವಾಂತಿ. ಮುಂದಿನ ವರ್ಷ ನಮ್ಮ ಹಾಲ್‌ನಲ್ಲೇ ಕೂರಿಸಿ ಕೇಳಿಸಿಬಿಡೋಣ."

"ಸರ್, ಅದು ಹಳೇದು" ಅಂದರು ಮಿಸ್. "ಇವತ್ತು ಇಲ್ಲಿ ಏನೂ ಇಲ್ಲ. ಒಂದೂ ಇಲ್ಲ. ಅದಕ್ಕೇ ನಾನು..."

"ಮತ್ತೆ? ಇಲ್ಲದ ಜಾಗಕ್ಕೆ ಬಂದು ಏನು ಮಾಡೋದು?" ಅಂದರು ಹೆಡ್ ಸರ್, ನಿಜಕ್ಕೂ ಅರ್ಥವಾಗದೆ. ಮರದ ಹಿಂದೆ ಗಾರ್ಡಣ್ಣ ತಲೆ ತಗ್ಗಿಸಿದ. ಒಂದು ಮಾತಿನಲ್ಲಿ ಪ್ರವಾಸಕ್ಕೂ ಕೊಳಕ್ಕೂ ಎಳ್ಳುನೀರು ಬಿಟ್ಟಾಗಿತ್ತು, ಬಿಡಲು ಪಾತ್ರೆ ತಂದುಕೊಟ್ಟವರು ಮಿಸ್ಸೇ.

ಆ ಹೊತ್ತಿಗೆ ಕೊಳದ ಮೂಲೆಯ ಜೊಂಡಿನೊಳಗಿಂದ ಒಂದು ಸದ್ದು ಬಂತು. ವಟರ್. ಸ್ವಲ್ಪ ತಡೆದು, ಮತ್ತೆ ವಟರ್. ಒಂದೇ ಒಂದು, ಬಡಕಲು ದನಿ, ರೆಕಾರ್ಡಿನ ಮೇಳದ ಮುಂದೆ ಏನೂ ಅಲ್ಲ. ತನ್ನವರ ಮೇಳವನ್ನು ಎಷ್ಟೋ ದಿನದ ಮೇಲೆ ಕೇಳಿ, ಎಲ್ಲಿದ್ದೀರಿ ಎಂದು ಕರೆಯುತ್ತಿತ್ತೋ ಏನೋ.

ಮಿಸ್ ಜೊಂಡಿನ ಕಡೆ ಕೈ ತೋರಿಸಿದರು. "ಕೇಳಿ! ಅಲ್ಲಿ! ಎಲ್ಲರೂ ಕೂತ್ಕೊಳ್ಳಿ, ಅಲ್ಲಾಡಬೇಡಿ. ಅದು ನಿಜವಾದ ಕಪ್ಪೆ!"

ಮಕ್ಕಳು ಹೋ ಎಂದು ನಕ್ಕರು.

"ಹೋಗಿ ಮಿಸ್! ಇನ್ನೊಂದು ಸ್ಪೀಕರ್ ಅಲ್ಲಿಟ್ಟಿದ್ದೀರಾ!"

"ಇಲ್ಲ ಕಣ್ರೋ, ನನ್ನಾಣೆ..."

ಯಾರು ಕೇಳುತ್ತಾರೆ? ಮೊದಲು ಹುಡುಕಿದವರಿಗೆ ಬಹುಮಾನ ಎಂದು ಯಾರೋ ಕೂಗಿದರು, ಕ್ಲಾಸಿಗೆ ಕ್ಲಾಸೇ ಜೊಂಡಿಗೆ ನುಗ್ಗಿತು. ಗಾರ್ಡಣ್ಣ ಆರಿದ ಸ್ಪೀಕರನ್ನು ಎತ್ತಿ ಹಿಡಿದು, "ಇದೊಂದೇ ಇರೋದು ಮಕ್ಕಳೇ, ಇದೊಂದೇ" ಎಂದು ಬಡಕೊಂಡ. ಬೂಟುಗಳು ಕೆಸರು ತುಳಿದವು, ಕೋಲುಗಳು ಜೊಂಡನ್ನು ಸೀಳಿದವು. "ನೀರು, ನೀರು!" ಎಂದು ಹೆಡ್ ಸರ್ ದಡದುದ್ದಕ್ಕೂ ಓಡಾಡಿದರು. ಮಿಸ್ ನೀರಿಗಿಳಿದು ಸಿಕ್ಕವರ ತೋಳು ಹಿಡಿದು ಎಳೆದರು, ಒಬ್ಬರನ್ನು ಎಳೆದರೆ ಇನ್ನೊಬ್ಬರು ನುಗ್ಗಿದರು. ಅಷ್ಟು ಹೊತ್ತಿಗೆ ದನಿ ನಿಂತುಹೋಗಿತ್ತು. ಮಕ್ಕಳು ಬೇಸತ್ತು ಒಬ್ಬೊಬ್ಬರೇ ಮೇಲೆ ಬಂದರು.

ಬಸ್ಸು ಹೊರಟಾಗ ಗಾರ್ಡಣ್ಣ ಗೇಟು ಹಾಕುವುದನ್ನು ಮಿಸ್ ತಿರುಗಿ ನೋಡಲಿಲ್ಲ. ಸೀರೆಯ ಅಂಚೆಲ್ಲ ಕೆಸರು. ಯಾಕೆಮ್ಮ ಪಕ್ಕಕ್ಕೆ ಬಂದು ಒತ್ತಿ ಕೂತಳು. ಅವಳ ಹಾಳೆ ಗುರುತುಗಳಿಂದ ತುಂಬಿ ತುಳುಕುತ್ತಿತ್ತು. ಮೂಲೆಯಲ್ಲಿ, ಉಳಿದ ಚೂರು ಜಾಗದಲ್ಲಿ, ಜೊಂಡಿನ ಕಡೆಗೆ ಒಂದು ಪುಟ್ಟ ಸ್ಪೀಕರಿನ ಚಿತ್ರ ಬರೆದಿದ್ದಳು.

"ಮಿಸ್" ಎಂದು ಅವಳು ಕಿವಿಯ ಹತ್ತಿರ ಬಾಯಿ ತಂದಳು. "ಅದನ್ನ ಎಲ್ಲಿ ಬಚ್ಚಿಟ್ಟಿದ್ರಿ ಅಂತ ನನಗೊಬ್ಬಳಿಗೇ ಹೇಳಿ. ಯಾರಿಗೂ ಹೇಳಲ್ಲ, ಪ್ರಾಮಿಸ್."