ಒಂದೇ ಚುಚ್ಚು

ಆ ವಾರ್ಡಿನಲ್ಲಿ ಅವಳಿಗೆ ಹಗುರಗೈ ಸಿಸ್ಟರ್ ಎಂದೇ ಹೆಸರು. ಸೂಜಿ ಒಳಗೆ ಹೋದದ್ದೂ ಹೊರಗೆ ಬಂದದ್ದೂ ರೋಗಿಗೆ ಗೊತ್ತಾಗುತ್ತಿರಲಿಲ್ಲ. ಹೊಗಳಿಕೆ ಯಾರಿಗೆ ತಾನೇ ಬೇಡ? ಅವಳಿಗೂ ಅದು ಸ್ವಲ್ಪ ತಲೆಗೇರಿತ್ತು.

ಅದೇ ಆಸ್ಪತ್ರೆಯ ಕೆಳಮಹಡಿಯಲ್ಲಿರುವ ರಕ್ತನಿಧಿಯಲ್ಲಿ ಅವಳ ತಮ್ಮ ಟೆಕ್ನಿಷಿಯನ್. ಅಕ್ಕನೇ ಓಡಾಡಿ ಕೊಡಿಸಿದ ಕೆಲಸ. ಅವನೋ ನಿಯಮ ಎಂದರೆ ನಿಯಮ ಎನ್ನುವ ಪೈಕಿ. ಹೊಸ ರೋಗಿಗೆ ರಕ್ತ ಕೊಡುವ ಮೊದಲು ಎರಡು ಸಲ ಸ್ಯಾಂಪಲ್ ಬೇಕು, ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಬೇರೆಯಾಗಿಯೇ ಚುಚ್ಚಿ ತೆಗೆದಿರಬೇಕು, ಹೆಸರಿನ ಚೀಟಿಯನ್ನು ರೋಗಿಯ ಮಂಚದ ಪಕ್ಕದಲ್ಲೇ ನಿಂತು ಟ್ಯೂಬಿಗೆ ಅಂಟಿಸಬೇಕು. ಒಂದರಲ್ಲಿ ಹೆಸರು ತಪ್ಪಿದ್ದರೆ ಇನ್ನೊಂದು ಹಿಡಿದುಕೊಡುತ್ತದೆ.

ನಿನ್ನೆ ಬೆಳಿಗ್ಗೆ ಅವನು ವಾರ್ಡಿಗೆ ಫೋನ್ ಮಾಡಿದ್ದ.

"ಅಕ್ಕಾ, ಆ ಅಜ್ಜಿದು ಎರಡನೇ ಸ್ಯಾಂಪಲ್ ಎಲ್ಲಿ? ಪಕ್ಕದ ಮಂಚದ ಟೈಲರಮ್ಮಂದೂ ಬಂದಿಲ್ಲ."

"ಬರುತ್ತೆ ಇರೋ ಮಾರಾಯ. ನಿನ್ನ ಕಾಟಕ್ಕೆ ನನ್ನ ರಕ್ತಾನೇ ಕಳಿಸ್ಬೇಕು!"

ಅವನು ನಕ್ಕ, ಅವಳೂ ನಕ್ಕಳು. ಎರಡನೇ ಟ್ಯೂಬುಗಳು ಆಗ ಅವಳ ಮೇಜಿನ ಡ್ರಾಯರಿನಲ್ಲೇ ಇದ್ದವು.

ಅಜ್ಜಿಯ ಕೈಯಲ್ಲಿ ನರ ಸಿಗುವುದೇ ಕಷ್ಟ. ಮೊದಲ ಸಲ ಚುಚ್ಚುವಾಗಲೇ ಮುದುಕಿ ಕಣ್ಣು ಮುಚ್ಚಿ, "ಇದೊಂದೇ ಸಲ ತಾನೇ ಮಗಾ?" ಎಂದಿದ್ದಳು. ಸಿಸ್ಟರ್ ಕರಗಿಹೋದಳು. ಒಂದೇ ಚುಚ್ಚಿಗೆ ಎರಡು ಟ್ಯೂಬು ತುಂಬಿದಳು. ಟೈಲರಮ್ಮನಿಗೆ ಯಾಕೆ ಅನ್ಯಾಯ ಎಂದು ಅವಳಿಗೂ ಹಾಗೆಯೇ ಮಾಡಿದಳು. ಒಬ್ಬಳದು ಏಪ್ರನ್ನಿನ ಎಡ ಜೇಬಿಗೆ, ಇನ್ನೊಬ್ಬಳದು ಬಲ ಜೇಬಿಗೆ. ಮೇಜಿನ ಬಳಿ ಬಂದು ಚೀಟಿ ಅಂಟಿಸಿ ಇಬ್ಬರದೂ ಒಂದೊಂದು ಟ್ಯೂಬನ್ನು ಆಗಲೇ ಕಳಿಸಿದಳು, ಉಳಿದವನ್ನು ಸ್ವಲ್ಪ ಹೊತ್ತು ಬಿಟ್ಟು. ಹೀಗೆ ಎಷ್ಟೋ ಸಲ ಮಾಡಿದ್ದಳು. ಒಂದು ದಿನವೂ ಏನೂ ಆಗಿರಲಿಲ್ಲ.

ಇವತ್ತು ಆಯಿತು. ಅಜ್ಜಿಗೆ ರಕ್ತ ಏರಿಸಲು ಶುರುಮಾಡಿ ಅವಳು ಪಕ್ಕದಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಮುದುಕಿ ಗಡಗಡ ನಡುಗತೊಡಗಿದಳು. "ಸೊಂಟ ಮುರಿದ ಹಾಗಾಗ್ತಿದೆ ಮಗಾ," ಎಂದಳು. ಸಿಸ್ಟರ್ ತಕ್ಷಣ ರಕ್ತ ನಿಲ್ಲಿಸಿ ಡಾಕ್ಟರನ್ನು ಕೂಗಿದಳು. ಜೀವ ಉಳಿಯಿತು. ಆದರೆ ಆಮೇಲೆ ಬಂದ ಮೂತ್ರ ಕಾಫಿ ಬಣ್ಣಕ್ಕಿತ್ತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

ರಕ್ತದ ಸುರಕ್ಷತೆ ನೋಡಿಕೊಳ್ಳುವ ಮೇಡಂ ಮೇಲೆ ಬಂದರು, ಹಿಂದೆ ತಮ್ಮ. ಅವನ ಮುಖದಲ್ಲಿ ಕಳೆಯೇ ಇರಲಿಲ್ಲ.

"ಯಾರು ಮಾಡಿದ್ದು ಅಂತ ಕೇಳೋಕೆ ಬಂದಿಲ್ಲ ನಾನು," ಎಂದರು ಮೇಡಂ. "ಹೇಗಾಯ್ತು ಅಂತ ಗೊತ್ತಾಗ್ಬೇಕು, ಅಷ್ಟೇ. ಅಜ್ಜಿದು ಈಗ ತೆಗೆದ ರಕ್ತ ಬಿ ಗುಂಪು. ನಿನ್ನೆಯ ಎರಡೂ ಟ್ಯೂಬಲ್ಲಿ ಎ. ಸಿಸ್ಟರ್, ಎರಡು ಸಲ ಬೇರೆ ಬೇರೆಯಾಗೇ ತೆಗೆದ್ರಿ ತಾನೇ?"

ಹಗುರಗೈ ಸಿಸ್ಟರಿಗೆ ಜೇಬುಗಳು ನೆನಪಾದವು. ಎಡಗಡೆ ಯಾರದಿತ್ತು? ಬಲಗಡೆ? ನಿನ್ನೆ ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಇವತ್ತು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

"ಹೌದು ಮೇಡಂ," ಎಂದಿತು ನಾಲಿಗೆ. ಮನಸ್ಸನ್ನು ಒಂದು ಮಾತೂ ಕೇಳದೆ.

"ಹಾಗಾದ್ರೆ ವಾರ್ಡಲ್ಲಿ ಎರಡು ಸಲ ಒಂದೇ ತಪ್ಪು ಆಗೋಕೆ ಸಾಧ್ಯ ಇಲ್ಲ. ಲ್ಯಾಬಿಗೆ ಬಂದ್ಮೇಲೆ ಏನಾದ್ರೂ..." ಮೇಡಂ ತಮ್ಮನ ಕಡೆ ತಿರುಗಿದರು.

"ನನ್ನಿಂದಲೇ ಆಗಿರ್ಬೇಕು ಮೇಡಂ," ಎಂದ ಅವನು, ನೆಲ ನೋಡುತ್ತ. "ನಾವೂ ನಂಬರಿನ ಚೀಟಿ ಅಂಟಿಸ್ತೀವಲ್ಲ, ಅಲ್ಲೇ ಎಡವಿದೀನಿ. ಹೇಗೆ ಅಂತ ಗೊತ್ತಾಗ್ತಿಲ್ಲ. ಅಕ್ಕನ ಕಡೆಯಿಂದಂತೂ ಆಗಲ್ಲ. ಅವಳು ಅಂಥವಳಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ನಂಬಿಕೆ ಅವಳನ್ನು ಸುಟ್ಟಿತು. ಚಿಕ್ಕವನಿದ್ದಾಗ ಕೈಹಿಡಿದು ರಸ್ತೆ ದಾಟಿಸಿದ ಹುಡುಗನನ್ನು ಇವತ್ತು ತಾನೇ ನಡುರಸ್ತೆಯಲ್ಲಿ ಬಿಟ್ಟಿದ್ದಳು. ಆದರೂ ಬಾಯಿ ಬಿಡಲಿಲ್ಲ. ನೋಡಿ, ಹೆದರಿಕೆ ಎಂಥ ಒಳ್ಳೆಯವರನ್ನೂ ಎಷ್ಟು ಸಣ್ಣವರನ್ನಾಗಿ ಮಾಡುತ್ತದೆ.

ಅಷ್ಟರಲ್ಲಿ ಬಾಗಿಲಿನ ಕಡೆ ಗಾಲಿ ಕಿರುಗುಟ್ಟಿತು. ಟೈಲರಮ್ಮನನ್ನು ಆಪರೇಷನ್ನಿಗೆ ಕರೆದೊಯ್ಯುತ್ತಿದ್ದರು. ಅವಳು ಮಲಗಿದಲ್ಲಿಂದಲೇ ಕೈಬೀಸಿ, "ಸಿಸ್ಟರ್, ವಾಪಸ್ ಬಂದ್ಮೇಲೆ ನಿಮಗೊಂದು ರವಿಕೆ ಹೊಲ್ಕೊಡ್ತೀನಿ. ಅಳತೆ ನೋಡಿಟ್ಕೊಂಡಿದೀನಿ!" ಎಂದಳು.

ಅವಳಿಗೆಂದು ತೆಗೆದಿಟ್ಟ ರಕ್ತ ಆಗಲೇ ಆಪರೇಷನ್ ಕೋಣೆಗೆ ಹೋಗಿತ್ತು. ಬಿ ಗುಂಪಿನದು. ಅಜ್ಜಿಯ ಟ್ಯೂಬಿನಲ್ಲಿದ್ದ ಎ ಇವಳದಾಗಿದ್ದರೆ, ಇವಳಿಗೆ ಬಿ ಏರುತ್ತದೆ. ಅಜ್ಜಿ ನಡುಗಿದ್ದಾದರೂ ಕಣ್ಣಿಗೆ ಕಂಡಿತ್ತು. ಅರಿವಳಿಕೆ ಕೊಟ್ಟು ಮಲಗಿಸಿದವಳು ಸೊಂಟ ನೋವು ಎಂದು ಹೇಗೆ ಹೇಳುತ್ತಾಳೆ?

"ನಿಲ್ಲಿಸಿ!" ಸಿಸ್ಟರ್ ಓಡಿಹೋಗಿ ಗಾಡಿಯ ಕಂಬಿ ಹಿಡಿದುಕೊಂಡಳು. "ಇವರನ್ನ ಕರ್ಕೊಂಡು ಹೋಗ್ಬೇಡಿ. ಆ ರಕ್ತ ಇವರದಲ್ಲ. ಮೇಡಂ, ನಾನು ಸುಳ್ಳು ಹೇಳ್ದೆ. ಒಂದೇ ಸಲ ಚುಚ್ಚಿ ಎರಡೆರಡು ಟ್ಯೂಬ್ ತೆಗ್ದೆ. ಇಬ್ಬರದೂ. ಜೇಬಲ್ಲಿ ಇಟ್ಕೊಂಡು ಬಂದು ಮೇಜಿನ ಹತ್ರ ಚೀಟಿ ಅಂಟಿಸ್ದೆ. ತಮ್ಮನದೇನೂ ತಪ್ಪಿಲ್ಲ."

ಮೇಡಂ ಕೂಡಲೇ ಆಪರೇಷನ್ ಕೋಣೆಗೆ ಫೋನ್ ಹಚ್ಚಿದರು. ಟೈಲರಮ್ಮನ ರಕ್ತ ಹೊಸದಾಗಿ ತೆಗೆದು ನೋಡಿದರೆ ಎ ಗುಂಪೇ. ಆಪರೇಷನ್ ಮುಂದಕ್ಕೆ ಹೋಯಿತು, ಹೆಂಗಸು ಉಳಿದಳು. ತಮ್ಮ ಅಕ್ಕನ ಮುಖವನ್ನು ಒಮ್ಮೆ ನೋಡಿ ಮೆಟ್ಟಿಲಿಳಿದು ಹೋದ. ಅವಳು ಕರೆಯಲಿಲ್ಲ. ಯಾವ ಬಾಯಲ್ಲಿ ಕರೆಯುವುದು?

ಸಂಜೆ ಅಜ್ಜಿಯ ರಕ್ತ ಮತ್ತೆ ತೆಗೆಯಬೇಕಾಯಿತು. ಇನ್ನು ಮೇಲೆ ಎರಡನೇ ಸ್ಯಾಂಪಲ್ಲನ್ನು ಬೇರೆ ಸಿಸ್ಟರೇ ತೆಗೆಯಬೇಕೆಂದು ಮೇಡಂ ಆಗಲೇ ಹೇಳಿ ಹೋಗಿದ್ದರು. ಮೊದಲನೆಯದಕ್ಕೆ ಇನ್ನೊಬ್ಬಳು ಸೂಜಿ ಹಿಡಿದು ಬಂದರೆ ಮುದುಕಿ ಕೈಯನ್ನೇ ಕೊಡಲಿಲ್ಲ.

"ನನ್ನ ಮಗಳನ್ನ ಕರೀರಿ. ಅವಳ ಕೈ ಹಗುರ."

ಸಿಸ್ಟರ್ ಬಂದಳು. ಮಂಚದ ಪಕ್ಕ ಕೂತಳು.

"ಅಜ್ಜಿ, ನಿಮ್ಮ ಹೆಸರು ಹೇಳಿ."

"ಅಯ್ಯೋ, ನನ್ನ ಹೆಸರು ಮರೆತೇಬಿಟ್ಯಾ?"

"ನೀವೇ ಹೇಳ್ಬೇಕು."

ಅಜ್ಜಿ ಹೇಳಿದಳು. ಸಿಸ್ಟರ್ ಸೂಜಿ ಎತ್ತಲಿಲ್ಲ. "ಬೆಳಿಗ್ಗೆ ನಿಮಗಾದದ್ದು ನನ್ನಿಂದ ಅಜ್ಜಿ. ನಿಮಗೆ ನೋವಾಗ್ಬಾರ್ದು ಅಂತ ಒಂದು ಚುಚ್ಚು ಉಳಿಸೋಕೆ ಹೋದೆ. ನಿಮ್ಮ ಚೀಟಿ ಬೇರೆಯವರ ರಕ್ತದ ಮೇಲೆ ಹಚ್ಚಿದೆ."

ಮುದುಕಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು. ಗೋಡೆಯ ಕಡೆ ಹೊರಳಿದಳು. ಸಿಸ್ಟರ್ ಎದ್ದು ಹೋಗಲಿಲ್ಲ, ಕ್ಷಮಿಸಿ ಎಂದು ಗೋಗರೆಯಲೂ ಇಲ್ಲ.

ಕೊನೆಗೆ ಹೊದಿಕೆಯೊಳಗಿಂದ ಕೈ ಹೊರಬಂತು.

"ಈಗ ಎಷ್ಟು ಸಲ?"

"ಎರಡು ಸಲ ಅಜ್ಜಿ. ಈಗ ನಾನು. ಆಮೇಲೆ ಆ ಸಿಸ್ಟರ್ ಬಂದು ಚುಚ್ತಾರೆ."

"ಅವಳ ಕೈ ಭಾರ."

"ಹೌದು," ಎಂದಳು ಅವಳು, ಕಣ್ಣೊರೆಸಿಕೊಂಡು. "ಅವರೂ ಚುಚ್ಚಲೇಬೇಕು."

ಟ್ಯೂಬು ತುಂಬಿತು. ಅಲ್ಲಿಯೇ, ಅಜ್ಜಿಯ ಕಣ್ಣೆದುರೇ, ಅವಳು ಚೀಟಿ ಅಂಟಿಸಿದಳು.